ತುರಿಕೆಯ ಮನೆಮದ್ದಿಗೆ ಅಳತೆ ಎಲ್ಲಿ?

ಮಾನ್ಯ ಸಂಪಾದಕರೇ,

ತುರಿಕೆ, ದದ್ದು, ಚರ್ಮದ ಅಲರ್ಜಿಗೆ ಮನೆಮದ್ದು ಹೇಳುವ ಬರಹಗಳು ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಆಗಾಗ ಬರುತ್ತಿರುತ್ತವೆ. ಲೋಳೆಸರ ಹಚ್ಚಿ, ಬೇವು ಅರೆದು ಬಳಿಯಿರಿ, ನಿಂಬೆರಸ ಸವರಿ, ಅಡುಗೆ ಸೋಡ ಕಲಸಿ ಹಚ್ಚಿ, ಓಟ್ಸ್ ನೀರಿನಲ್ಲಿ ಸ್ನಾನ ಮಾಡಿ ಎಂದು ಹೆಸರುಗಳ ಸಾಲು. ಎಷ್ಟು, ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಲ, ಯಾವ ಬಗೆಯ ತುರಿಕೆಗೆ, ಯಾರಿಗೆ ಬೇಡ ಎಂಬುದು ಮಾತ್ರ ಇರುವುದಿಲ್ಲ. ಅದೇ ಪತ್ರಿಕೆಯ ಅಡುಗೆ ಅಂಕಣದಲ್ಲಿ ಚಮಚದ ಲೆಕ್ಕ, ನಿಮಿಷದ ಲೆಕ್ಕ ಎರಡೂ ಅಚ್ಚುಕಟ್ಟಾಗಿರುತ್ತವೆ. ಚರ್ಮಕ್ಕೆ ಅಷ್ಟು ಮರ್ಯಾದೆಯೂ ಸಿಕ್ಕಿಲ್ಲ. ಮನೆಮದ್ದೇ ಬೇಡವೆಂಬ ವಾದ ಈ ಪತ್ರದ್ದಲ್ಲ. ನೀರು, ತಂಪು, ಜಿಡ್ಡು ಈ ಮೂರನ್ನೇ ಸರಿಯಾಗಿ ಬಳಸಿದರೆ ಸಾಮಾನ್ಯ ತುರಿಕೆಯ ಬಹುಪಾಲು ತಗ್ಗುತ್ತದೆ. ಕೆಡುವುದು ಅಳತೆಯಲ್ಲಿ, ಅದಕ್ಕೂ ಮೊದಲು ಗುರುತಿಸುವುದರಲ್ಲಿ.

1660ರಲ್ಲಿ ಜರ್ಮನ್ ವೈದ್ಯ ಸ್ಯಾಮ್ಯುಯೆಲ್ ಹಾಫೆನ್‌ರೆಫರ್ ತುರಿಕೆಗೆ ಕೊಟ್ಟ ವ್ಯಾಖ್ಯೆ ಇಂದಿಗೂ ಚಾಲ್ತಿಯಲ್ಲಿದೆ: ಕೆರೆದುಕೊಳ್ಳಬೇಕೆನ್ನಿಸುವ ಅಹಿತಕರ ಅನುಭವ. ಅದರಲ್ಲಿ ಕಾರಣದ ಸುದ್ದಿಯೇ ಇಲ್ಲ ಎಂಬುದನ್ನು ಗಮನಿಸಬೇಕು. ತುರಿಕೆ ಒಂದೇ, ಹಿಂದಿರುವ ಕಾಯಿಲೆ ಬೇರೆಬೇರೆ. ಒಂದಕ್ಕೆ ಹಿತವಾದದ್ದು ಇನ್ನೊಂದನ್ನು ಕೆರಳಿಸುತ್ತದೆ.

ಏಕಾಏಕಿ ಏಳುವ ಉಬ್ಬು ದದ್ದಿಗೆ ಒಂದು ಸುಲಭದ ಪರೀಕ್ಷೆಯಿದೆ. ಯಾವುದಾದರೂ ಒಂದು ದದ್ದಿನ ಅಂಚಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಗಂಟೆ ಎಷ್ಟೆಂದು ಬರೆದಿಡಿ. 24 ಗಂಟೆಯೊಳಗೆ ಆ ಗೆರೆಯ ಒಳಗಿನದು ಕಲೆಯಿಲ್ಲದೆ ಇಳಿದು, ಬೇರೆ ಕಡೆ ಹೊಸದು ಎದ್ದಿದ್ದರೆ ಅದು ಪಿತ್ತದ ಗಂಧೆ. ಹೆಸರಿನಲ್ಲಿ ಪಿತ್ತವಿದ್ದರೂ ಪಿತ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಚರ್ಮದೊಳಗಿನ ಮಾಸ್ಟ್ ಎಂಬ ರಕ್ಷಣಾ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸುತ್ತವೆ, ಸಣ್ಣ ರಕ್ತನಾಳಗಳಿಂದ ನೀರಿನಂಶ ಸೋರಿ ಚರ್ಮ ಉಬ್ಬುತ್ತದೆ. ಗಲಾಟೆಯೆಲ್ಲ ಒಳಗಿನದು, ಹಾಗಾಗಿ ಮೇಲೆ ಏನನ್ನು ಅರೆದು ಹಚ್ಚಿದರೂ ಉಪಯೋಗ ಅಷ್ಟಕ್ಕಷ್ಟೆ. ದದ್ದು ತಾನಾಗಿಯೇ ಇಳಿಯುವುದರಿಂದ, ಆ ಹೊತ್ತಿಗೆ ಏನು ಹಚ್ಚಿದ್ದರೋ ಅದಕ್ಕೆ ಹೆಸರು ಬರುತ್ತದೆ. ಎಷ್ಟೋ ಮನೆಮದ್ದುಗಳ ಕೀರ್ತಿ ಹೀಗೆ ಬಂದದ್ದು. ಗೆರೆಯೊಳಗಿನ ದದ್ದು 24 ಗಂಟೆ ಕಳೆದರೂ ಅಲ್ಲೇ ಇದ್ದರೆ, ತುರಿಕೆಗಿಂತ ನೋವೇ ಹೆಚ್ಚಿದ್ದರೆ, ಇಳಿದಾಗ ಕಂದಿದ ಗುರುತು ಉಳಿದರೆ ಅದು ಬೇರೆಯೇ ತೊಂದರೆ. ವೈದ್ಯರು ನೋಡಬೇಕು.

ಮುಟ್ಟಿದ್ದರಿಂದ ಬರುವ ಅಲರ್ಜಿಯ ನಡೆ ಇನ್ನೊಂದು ಬಗೆ. ವಸ್ತು ತಾಗಿದ ತಕ್ಷಣ ಏನೂ ಕಾಣುವುದಿಲ್ಲ. ಒಂದರಿಂದ ಮೂರು ದಿನದ ಮೇಲೆ ಕೆಂಪು, ಸಣ್ಣ ನೀರುಗುಳ್ಳೆ, ವಿಪರೀತ ಕಡಿತ ಶುರುವಾಗುತ್ತದೆ. ಈ ಅಂತರದಿಂದಾಗಿಯೇ ಜನ ನಿನ್ನೆ ತಿಂದದ್ದನ್ನು ದೂರುತ್ತಾರೆ, ಮೊನ್ನೆ ತಲೆಗೆ ಹಚ್ಚಿದ ಬಣ್ಣವನ್ನು ಮರೆಯುತ್ತಾರೆ. ಇಲ್ಲಿ ದದ್ದಿನ ಆಕಾರವೇ ಸಾಕ್ಷಿ. ಹೊಕ್ಕುಳ ಕೆಳಗಿದ್ದರೆ ಪ್ಯಾಂಟಿನ ಲೋಹದ ಗುಂಡಿ, ಕಿವಿಹಾಲೆಯಲ್ಲಿದ್ದರೆ ಓಲೆಯ ನಿಕ್ಕಲ್, ಮಣಿಕಟ್ಟಿನ ಸುತ್ತ ಪಟ್ಟಿಯಂತಿದ್ದರೆ ಗಡಿಯಾರದ ಪಟ್ಟಿ, ಹಣೆಯಂಚು ಮತ್ತು ಕಿವಿಯ ಹಿಂದಿದ್ದರೆ ಕೂದಲ ಬಣ್ಣ. ಕೂದಲ ಬಣ್ಣದಲ್ಲಿರುವ ಪ್ಯಾರಾಫಿನೈಲೀನ್ ಡೈಅಮೀನ್ ಎಂಬ ರಾಸಾಯನಿಕ ಕುಖ್ಯಾತ ಅಲರ್ಜಿಕಾರಕ. ಕಡು ಕಪ್ಪು ಬಣ್ಣ ಬಿಡುವ ‘ಕಪ್ಪು ಮೆಹಂದಿ’ಯಲ್ಲೂ ಇದನ್ನೇ ಬೆರೆಸಿರುತ್ತಾರೆ. ಅಪ್ಪಟ ಮದರಂಗಿ ಕಿತ್ತಳೆಗೆಂಪು ಬಣ್ಣ ಬಿಡುತ್ತದೆ, ಕಪ್ಪಾಗುವುದಿಲ್ಲ. ಕಾರಣ ಕಳಚದೆ ಮೇಲೆ ಎಷ್ಟು ಲೇಪ ಹಾಕಿದರೂ ಈ ದದ್ದು ಹೋಗದು. ಕಳಚಿದರೂ ಪೂರ್ತಿ ಮಾಯಲು ಎರಡು ಮೂರು ವಾರ ಬೇಕು. ಮೂರನೆಯ ದಿನಕ್ಕೇ ‘ಗುಣವಾಗಲಿಲ್ಲ’ ಎಂದು ಮದ್ದು ಬದಲಿಸಿದರೆ ಹೊಸ ಕೆರಳಿಕೆಯೊಂದು ಸೇರಿಕೊಳ್ಳುತ್ತದೆ.

ಒಣಗಿ, ಒರಟಾಗಿ, ಮೊಣಕೈ ಒಳಬದಿ, ಮಂಡಿಯ ಹಿಂಭಾಗ, ಕತ್ತಿನಲ್ಲಿ ಮರುಕಳಿಸುತ್ತಲೇ ಇರುವುದು ಇಸುಬು. ರಾತ್ರಿ ಹಾಸಿಗೆ ಸೇರಿದ ಮೇಲೆ ಹೆಚ್ಚಾಗುವ, ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ಗುಪ್ತಾಂಗದಲ್ಲಿ ಕಾಣುವ, ಮನೆಯಲ್ಲಿ ಇನ್ನೊಬ್ಬರಿಗೂ ಇರುವ ತುರಿಕೆ ಕಜ್ಜಿ. ಅದು ಅಲರ್ಜಿಯಲ್ಲ, ಹುಳುವಿನ ಕೆಲಸ. ಉಂಗುರದಂತೆ ಹರಡುತ್ತ ನಡುವೆ ತಿಳಿಯಾಗುವುದು ಗಜಕರ್ಣ, ಅದು ಶಿಲೀಂಧ್ರದ್ದು. ಈ ಕೊನೆಯ ಎರಡಕ್ಕೆ ಮನೆಮದ್ದು ಮಾಡುತ್ತ ಕೂರುವುದು ಕಾಲಹರಣ. ಕಜ್ಜಿಗೆ ವೈದ್ಯರು ಸಾಮಾನ್ಯವಾಗಿ ಕೊಡುವ ಶೇ 5ರ ಪರ್ಮೆಥ್ರಿನ್ ಕ್ರೀಮನ್ನು ಕತ್ತಿನಿಂದ ಕಾಲಬೆರಳವರೆಗೆ, ಉಗುರಿನಡಿ ಸಹ ಬಿಡದೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು, ಒಂದು ವಾರದ ಮೇಲೆ ಮತ್ತೊಮ್ಮೆ. ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳದಿದ್ದರೆ ಹುಳು ಒಬ್ಬರಿಂದ ಒಬ್ಬರಿಗೆ ಸುತ್ತು ಹೊಡೆಯುತ್ತಿರುತ್ತದೆ. ಹುಳು ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಉಳಿಯುವುದುಂಟು. ಅಷ್ಟಕ್ಕೇ ಮದ್ದು ಫಲಿಸಲಿಲ್ಲವೆಂದು ಮತ್ತೆ ಮತ್ತೆ ಹಚ್ಚುವವರು ಚರ್ಮ ಕೆರಳಿಸಿಕೊಳ್ಳುತ್ತಾರೆ.

ಇನ್ನು ಮದ್ದಿನ ವಿಷಯ. ಚರ್ಮದ ಹೊರಪದರ ಇಟ್ಟಿಗೆ ಗೋಡೆಯಂತೆ: ಸತ್ತ ಕೋಶಗಳೇ ಇಟ್ಟಿಗೆ, ಅವುಗಳ ನಡುವಿನ ಜಿಡ್ಡೇ ಗಾರೆ. ಗಾರೆ ಕರಗಿದರೆ ಒಳಗಿನ ನೀರು ಆವಿಯಾಗುತ್ತದೆ, ಹೊರಗಿನ ಸೋಪು, ಧೂಳು, ಸುವಾಸನೆ ಒಳಗೆ ನುಗ್ಗಿ ನರದ ತುದಿಗಳನ್ನು ಕೆಣಕುತ್ತದೆ. ಕೆರೆದಾಗ ಆಗುವ ಸಣ್ಣ ನೋವು ತುರಿಕೆಯ ಸಂಕೇತವನ್ನು ಕ್ಷಣಕಾಲ ಅಡಗಿಸುತ್ತದೆ. ಸುಖವೆನಿಸುವುದು ಅದಕ್ಕೇ. ಆದರೆ ಅಷ್ಟರಲ್ಲಿ ಗೋಡೆ ಇನ್ನಷ್ಟು ಬಿರಿದಿರುತ್ತದೆ, ತುರಿಕೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಚರ್ಮ ದಪ್ಪಗಟ್ಟಿ, ಕಪ್ಪಾಗಿ, ಗೆರೆಬಿದ್ದ ತೊಗಲಿನಂತಾಗುತ್ತದೆ. ಒಳ್ಳೆಯ ಮನೆಮದ್ದು ಮಾಡಬೇಕಾದದ್ದು ಎರಡೇ: ಈ ಗೋಡೆಗೆ ಗಾರೆ ಮೆತ್ತುವುದು, ಕೆರೆತವನ್ನು ತಡೆಯುವುದು.

ಗಾರೆ ಮೆತ್ತುವ ಕ್ರಮ ಹೀಗೆ. ಸ್ನಾನ 5ರಿಂದ 10 ನಿಮಿಷ, ನೀರು ಉಗುರುಬೆಚ್ಚಗೆ. ಬಿಸಿನೀರು ಸುರಿದುಕೊಂಡಾಗ ತುರಿಕೆ ಹಾರಿಹೋದಂತೆ ಅನಿಸುವುದು ಕೆರೆದಾಗ ಸಿಗುವ ಸುಖದ ಇನ್ನೊಂದು ರೂಪ. ಅದು ಜಿಡ್ಡನ್ನು ತೊಳೆದು, ರಕ್ತನಾಳ ಹಿಗ್ಗಿಸಿ ಸ್ವಲ್ಪ ಹೊತ್ತಿನಲ್ಲೇ ಸೇಡು ತೀರಿಸಿಕೊಳ್ಳುತ್ತದೆ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಸಾಕು. ಚರ್ಮದ ಪಿಎಚ್ (ಆಮ್ಲ, ಕ್ಷಾರದ ಅಳತೆ) ಸುಮಾರು 5, ಸಾಮಾನ್ಯ ಸ್ನಾನದ ಸೋಪಿನದು 9ರಿಂದ 10. ಆ ವ್ಯತ್ಯಾಸವೇ ಗಾರೆಯನ್ನು ಸಡಿಲಿಸುತ್ತದೆ. ಬಕೆಟ್ಟಿಗೆ ಕ್ರಿಮಿನಾಶಕ ದ್ರವದ ಮುಚ್ಚಳ ಹೊಯ್ಯುವ ಅಭ್ಯಾಸವಿದ್ದರೆ ದದ್ದು ಇರುವಷ್ಟು ದಿನ ನಿಲ್ಲಿಸಿ, ಅದು ಸ್ವತಃ ಕೆರಳಿಸುವ ವಸ್ತು. ಟವೆಲ್ಲಿನಲ್ಲಿ ಉಜ್ಜದೆ ಒತ್ತಿ ಒತ್ತಿ ನೀರು ಹೀರಿಸಿ, ಮೈ ಇನ್ನೂ ತೇವವಿರುವಾಗಲೇ, ಮೂರು ನಿಮಿಷದೊಳಗೆ, ಜಿಡ್ಡು ಹಚ್ಚಬೇಕು.

ಯಾವ ಜಿಡ್ಡು? ವಾಸನೆಯಿಲ್ಲದ, ಬಣ್ಣವಿಲ್ಲದ, ಗಟ್ಟಿಯಾದದ್ದು. ಪೆಟ್ರೋಲಿಯಂ ಜೆಲ್ಲಿಗೆ ಸಾಟಿಯಿಲ್ಲ. ಅದರಲ್ಲಿ ನೀರೂ ಇಲ್ಲ, ಸಂರಕ್ಷಕವೂ ಇಲ್ಲ, ಅಲರ್ಜಿ ಆಗುವುದು ತೀರಾ ಅಪರೂಪ. ಮೈಗೆ ಅಂಟಂಟು ಎನ್ನುವವರಿಗೆ ಡಬ್ಬಿಯಲ್ಲಿ ಬರುವ ದಪ್ಪ ಕ್ರೀಮು ಆಗಬಹುದು. ಬಾಟಲಿಯ ತೆಳು ಲೋಷನ್ನಿನಲ್ಲಿ ಹೆಚ್ಚಿನ ಪಾಲು ನೀರೇ. ಪ್ರಮಾಣದಲ್ಲಿ ಎಲ್ಲರೂ ಎಡವುತ್ತಾರೆ. ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ದಿನಕ್ಕೆ ಎರಡು ಸಲ ಹಚ್ಚಿದರೆ ವಾರಕ್ಕೆ 400 ಗ್ರಾಂ ಮೀರುತ್ತದೆ. ಇಸುಬು ಇರುವ ಮಗುವಿಗೇ ವಾರಕ್ಕೆ 250 ಗ್ರಾಂ ಖರ್ಚಾಗಬೇಕು. ಸಣ್ಣ ಟ್ಯೂಬೊಂದು ತಿಂಗಳು ಬಂದಿದ್ದರೆ ಅದು ಮದ್ದು ಮಾಡಿದಂತಲ್ಲ, ಶಾಸ್ತ್ರ ಮಾಡಿದಂತೆ. ಕೂದಲು ಮಲಗಿರುವ ದಿಕ್ಕಿನಲ್ಲೇ ಸವರಿ, ಎದುರು ದಿಕ್ಕಿನಲ್ಲಿ ತಿಕ್ಕಿದರೆ ರೋಮದ ಬುಡದಲ್ಲಿ ಗುಳ್ಳೆ ಏಳುತ್ತದೆ. ಡಬ್ಬಿಗೆ ಬೆರಳು ಹಾಕದೆ ಶುಭ್ರವಾದ ಚಮಚದಲ್ಲಿ ತೆಗೆಯಿರಿ. ಇನ್ನೊಂದು ಎಚ್ಚರಿಕೆಯನ್ನು ಯಾವ ಮನೆಮದ್ದಿನ ಬರಹದಲ್ಲೂ ಕಾಣುವುದು ಕಡಿಮೆ: ಜಿಡ್ಡು ಇಂಗಿದ ಬಟ್ಟೆ, ಹೊದಿಕೆ, ಬ್ಯಾಂಡೇಜಿಗೆ ಬೆಂಕಿ ತಾಗಿದರೆ ಬಹಳ ಬೇಗ ಹೊತ್ತಿಕೊಳ್ಳುತ್ತದೆ, ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ಅಂಥ ಬಟ್ಟೆ ತೊಟ್ಟು ಒಲೆಯ ಮುಂದೆ ನಿಲ್ಲಬಾರದು, ಬೀಡಿ ಸಿಗರೇಟು ಹಚ್ಚಬಾರದು.

ತಂಪು ಅತ್ಯಂತ ಬೇಗ ಕೆಲಸ ಮಾಡುವ ಮದ್ದು. ಶುಭ್ರವಾದ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, 10ರಿಂದ 15 ನಿಮಿಷ ತುರಿಕೆಯ ಜಾಗದ ಮೇಲಿಡಿ. ದಿನಕ್ಕೆ ನಾಲ್ಕೈದು ಸಲ ಮಾಡಬಹುದು. ಮಂಜುಗಡ್ಡೆಯನ್ನು ನೇರವಾಗಿ ಇಟ್ಟರೆ ಚರ್ಮ ಸುಟ್ಟಂತಾಗುತ್ತದೆ, ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಮೀರದಂತೆ ಇಡಬೇಕು. ತಣ್ಣೀರು, ತಂಗಾಳಿ ತಾಗಿದರೇ ಗಂಧೆ ಏಳುವವರೂ ಇದ್ದಾರೆ, ಅವರಿಗೆ ಇದು ಕೂಡದು. ಜಿಡ್ಡಿನ ಡಬ್ಬಿಯನ್ನೇ ಫ್ರಿಜ್ಜಿನಲ್ಲಿಟ್ಟರೆ ಎರಡೂ ಕೆಲಸ ಒಟ್ಟಿಗೇ ಆಗುತ್ತವೆ, ಮಕ್ಕಳು ತಕರಾರಿಲ್ಲದೆ ಹಚ್ಚಿಸಿಕೊಳ್ಳುವುದು ಹೀಗೆ. ಕರ್ಪೂರ, ಮೆಂಥಾಲ್ ಕೊಡುವ ತಂಪು ನರಕ್ಕೆ ಮಾಡುವ ಮೋಸವಷ್ಟೆ, ಜಾಗ ನಿಜವಾಗಿ ತಣ್ಣಗಾಗಿರುವುದಿಲ್ಲ. ದೊಡ್ಡವರು ಕೀಟ ಕಡಿದ ಜಾಗಕ್ಕೆ ಬಳಸಿದರೆ ತೊಂದರೆಯಿಲ್ಲ. ಕರ್ಪೂರವನ್ನು ಎಳೆಮಕ್ಕಳ ಹತ್ತಿರ ತರಲೇಬಾರದು. ಹೊಟ್ಟೆಗೆ ಹೋದರಂತೂ, ಚರ್ಮದಿಂದ ಹೆಚ್ಚು ಇಂಗಿದರೂ ಫಿಟ್ಸ್ ಬರಿಸುತ್ತದೆ.

ರಸ ಸೋರುವ ದದ್ದಿಗೆ ಜಿಡ್ಡು ಹಚ್ಚುವುದು ದೊಡ್ಡ ತಪ್ಪು. ಚರ್ಮದ ವೈದ್ಯರಲ್ಲಿ ಹಳೆಯ ಮಾತೊಂದಿದೆ: ಒದ್ದೆಗೆ ಒದ್ದೆ, ಒಣಗಿದ್ದಕ್ಕೆ ಜಿಡ್ಡು. ಅರ್ಧ ಲೀಟರ್ ನೀರನ್ನು ಕುದಿಸಿ ಆರಿಸಿ, ಒಂದು ಸಮಮಟ್ಟದ ಟೀ ಚಮಚ, ಅಂದರೆ ಸುಮಾರು 5 ಗ್ರಾಂ, ಉಪ್ಪು ಕರಗಿಸಿ. ನಾಲ್ಕು ಮಡಿಕೆಯ ತೆಳು ಹತ್ತಿ ಬಟ್ಟೆಯನ್ನು ಅದರಲ್ಲಿ ನೆನೆಸಿ ಸೋರುವ ಜಾಗದ ಮೇಲೆ 10ರಿಂದ 15 ನಿಮಿಷ ಇಟ್ಟು, ಬಟ್ಟೆ ಒಣಗುವ ಮೊದಲೇ ತೆಗೆಯಿರಿ. ಒಣಗಿ ಅಂಟಿದ ಬಟ್ಟೆಯನ್ನು ಕಿತ್ತರೆ ಹಕ್ಕಳೆಯೂ ಜೊತೆಗೆ ಬರುತ್ತದೆ. ದಿನಕ್ಕೆ ಮೂರು ನಾಲ್ಕು ಸಲ, ರಸ ನಿಲ್ಲುವವರೆಗೆ ಮಾತ್ರ. ಆಮೇಲೂ ಮುಂದುವರಿಸಿದರೆ ಚರ್ಮ ಒಣಗಿ ಬಿರಿಯುತ್ತದೆ. ಉಪ್ಪು ಹೆಚ್ಚು ಹಾಕಿದರೆ ಬೇಗ ವಾಸಿ ಎಂಬ ಲೆಕ್ಕ ಇಲ್ಲಿ ನಡೆಯದು. ಈ ಪ್ರಮಾಣ ಮೈಯೊಳಗಿನ ದ್ರವದ ಉಪ್ಪಿಗೆ ಹತ್ತಿರವಿರುವುದರಿಂದಲೇ ಉರಿಯುವುದಿಲ್ಲ.

ಕ್ಯಾಲಮೈನ್ ಲೋಷನ್ನೂ ಈ ಸಾಲಿಗೇ ಸೇರಿದ್ದು. ಸತುವಿನ ಪುಡಿ ಬಾಟಲಿಯ ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಕುಲುಕದೆ ಹಚ್ಚಿದರೆ ಬರೀ ಗುಲಾಬಿ ಬಣ್ಣದ ನೀರು ಬಳಿದಂತೆ. ಕೀಟ ಕಡಿತ, ಸೀತಾಳೆ ಸಿಡುಬು, ಬೆವರುಸಾಲೆಗೆ ಒಳ್ಳೆಯದು. ಒಣ ಇಸುಬಿಗೆ ಹಚ್ಚಿದರೆ ಇನ್ನಷ್ಟು ಒಣಗಿಸಿ ತುರಿಕೆ ಹೆಚ್ಚಿಸುತ್ತದೆ. ಒಂದೇ ಬಾಟಲಿ ಒಬ್ಬರಿಗೆ ಅಮೃತ, ಇನ್ನೊಬ್ಬರಿಗೆ ಕಿರಿಕಿರಿ ಆಗುವುದು ಇದರಿಂದಲೇ.

ಲೋಳೆಸರದ ಬಗ್ಗೆ ಬರೆಯದ ಪತ್ರಿಕೆಯಿಲ್ಲ, ಅದರ ಹಳದಿ ಹಾಲಿನ ಬಗ್ಗೆ ಬರೆದವರು ಕಡಿಮೆ. ಎಲೆಯ ಸಿಪ್ಪೆಗೆ ಅಂಟಿಕೊಂಡಂತೆ ಇರುವ ಈ ಹಾಲಿನಲ್ಲಿ ಅಲೋಯಿನ್ ಎಂಬ ಕೆರಳಿಸುವ ವಸ್ತುವಿದೆ. ಎಲೆಯನ್ನು ಸೀಳಿ ನೇರ ಉಜ್ಜಿಕೊಂಡವರಿಗೆ ತುರಿಕೆ ಹೆಚ್ಚಾಗುವುದು ಅದರಿಂದ. ಎಲೆಯನ್ನು ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ತುದಿ ಕೆಳಗಾಗುವಂತೆ ಲೋಟದಲ್ಲಿ 15 ನಿಮಿಷ ನಿಲ್ಲಿಸಿದರೆ ಹಳದಿ ರಸ ಇಳಿದುಹೋಗುತ್ತದೆ. ನಂತರ ಮುಳ್ಳಂಚು ತೆಗೆದು, ಸಿಪ್ಪೆಯನ್ನು ದಪ್ಪಗೇ ಹೆರೆದು, ಒಳಗಿನ ಪಾರದರ್ಶಕ ಲೋಳೆಯನ್ನು ನೀರಿನಲ್ಲಿ ಎರಡು ಸಲ ತೊಳೆದು ಬಳಸಿ. ಫ್ರಿಜ್ಜಿನಲ್ಲಿ ಎರಡು ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ. ಲೋಳೆಯಲ್ಲಿರುವುದು ಬಹುಪಾಲು ನೀರು. ಅದು ತಂಪು ಮಾಡುತ್ತದೆ, ಆವಿಯಾಗಿ ಹೋಗುತ್ತದೆ, ಗೋಡೆ ಕಟ್ಟುವುದಿಲ್ಲ. ಅದು ಒಣಗುವ ಮೊದಲು ಮೇಲೊಂದು ಜಿಡ್ಡಿನ ಪದರ ಬೇಕು.

ಎಣ್ಣೆಗಳಲ್ಲೂ ಭೇದವಿದೆ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಒಣ ಚರ್ಮಕ್ಕೆ ಒಗ್ಗುತ್ತವೆ. ಆಲಿವ್ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಹೆಚ್ಚಿದ್ದು ಅದು ಗಾರೆಯನ್ನೇ ಸಡಿಲಿಸುತ್ತದೆ. ಸಾಸಿವೆ ಎಣ್ಣೆ ಕೆರಳಿಸುತ್ತದೆ. ತಲೆಹೊಟ್ಟಿನ ತುರಿಕೆಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡುವುದು ಎಲ್ಲ ಕಡೆಯೂ ಕಾಣುವ ತಪ್ಪು. ಅಲ್ಲಿ ಬೆಳೆಯುವ ಯೀಸ್ಟ್ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಇಸುಬು ಇರುವ ಹಸುಗೂಸಿನ ಬಿರಿದ ಚರ್ಮಕ್ಕೆ ಕಡಲೆಕಾಯಿ, ಬಾದಾಮಿಯಂಥವುಗಳ ಎಣ್ಣೆ ತಿಕ್ಕಬೇಡಿ. ಬಾಯಿಯಿಂದ ಪರಿಚಯವಾಗುವ ಮೊದಲೇ ಚರ್ಮದಿಂದ ಪರಿಚಯವಾದರೆ, ಮುಂದೆ ಆ ಆಹಾರವೇ ಅಲರ್ಜಿಯಾಗುವ ಸಂಭವ ಹೆಚ್ಚು.

ಈಗ ಪಟ್ಟಿಯಿಂದ ತೆಗೆದುಹಾಕಬೇಕಾದವು. ನಿಂಬೆರಸದಲ್ಲಿರುವ ಫ್ಯೂರೊಕೂಮರಿನ್‌ಗಳು ಬಿಸಿಲಿನ ಅತಿನೇರಳೆ ಕಿರಣದೊಡನೆ ಸೇರಿ ಚರ್ಮವನ್ನು ಸುಡುತ್ತವೆ. ಹಚ್ಚಿದ ಮರುದಿನವೋ ಅದರ ಮರುದಿನವೋ ಬೊಬ್ಬೆ ಏಳುತ್ತದೆ, ಆಮೇಲೆ ಉಳಿಯುವ ಕಪ್ಪು ಕಲೆಗೆ ತಿಂಗಳುಗಳು ಬೇಕು. ಜಜ್ಜಿದ ಬೆಳ್ಳುಳ್ಳಿ ಕಟ್ಟಿದರೆ ಆಗುವುದು ರಾಸಾಯನಿಕ ಸುಟ್ಟಗಾಯ. ವಿನೆಗರ್ ನೀರು ಬೆರೆಸದೆ ಹಚ್ಚಿದರೆ ಅದೇ ಗತಿ, ಬೆರೆಸಿ ಹಚ್ಚಿದರೂ ಇಸುಬಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಅಡುಗೆ ಸೋಡದ ದ್ರಾವಣದ ಪಿಎಚ್ 8 ದಾಟುತ್ತದೆ. ಸೊಳ್ಳೆ ಕಚ್ಚಿದ ಒಂದು ಚುಕ್ಕೆಯ ಮೇಲೆ ಹತ್ತು ನಿಮಿಷ ಇಟ್ಟು ತೊಳೆದರೆ ಅಡ್ಡಿಯಿಲ್ಲ, ದಿನವೂ ಮೈತುಂಬ ಬಳಿಯುವುದು ಬೇಡ. ಅರಿಸಿನ, ಬೇವಿನ ಮೇಲೆ ನಂಬಿಕೆ ಗಟ್ಟಿ, ಹಾಗಾಗಿ ಮಾತು ಮೆಲ್ಲಗೆ ಆಡಬೇಕು. ಎರಡಕ್ಕೂ ಅಲರ್ಜಿಯಾಗುವವರು ಇದ್ದಾರೆ. ಅರಿಸಿನದ ಬಣ್ಣ ಕೆಂಪನ್ನು ಮುಚ್ಚುವುದರಿಂದ ದದ್ದು ಹರಡುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದಿಲ್ಲ. ಬೇವಿನ ಎಣ್ಣೆ ಕುಡಿಸಿದ್ದರಿಂದ ಶಿಶುಗಳ ಮಿದುಳಿಗೇ ಹಾನಿಯಾದದ್ದು ವೈದ್ಯಕೀಯ ದಾಖಲೆಯಲ್ಲಿದೆ. ಟೀ ಟ್ರೀ ಎಣ್ಣೆ ಹಳತಾದಷ್ಟೂ ಗಾಳಿಗೆ ಕೆಟ್ಟು ಅಲರ್ಜಿಕಾರಕವಾಗುತ್ತದೆ.

ಇವೆಲ್ಲದರ ಹಿಂದೆ ಒಂದೇ ನಂಬಿಕೆಯಿದೆ: ಉರಿದರೆ ಮದ್ದು ಹಿಡಿಯುತ್ತಿದೆ. ದದ್ದಿನ ವಿಷಯದಲ್ಲಿ ಉರಿ ಎಂದರೆ ಗೋಡೆ ಬಿರಿದಿದೆ, ಹಚ್ಚಿದ್ದು ನೇರ ನರಕ್ಕೆ ತಾಗುತ್ತಿದೆ ಎಂದಷ್ಟೇ ಅರ್ಥ. ತೊಳೆದುಬಿಡಿ. ಯಾವ ಹೊಸ ವಸ್ತುವಾದರೂ ಮೊದಲು ಮುಂಗೈ ಒಳಬದಿಯಲ್ಲಿ, ನಾಣ್ಯದಷ್ಟು ಜಾಗಕ್ಕೆ, ದಿನಕ್ಕೆ ಎರಡು ಸಲದಂತೆ ಏಳು ದಿನ ಹಚ್ಚಿ ನೋಡಬೇಕು. ಒಂದೇ ದಿನ ಹಚ್ಚಿ ‘ಏನೂ ಆಗಲಿಲ್ಲ’ ಎನ್ನುವಂತಿಲ್ಲ, ಅಲರ್ಜಿ ತಡವಾಗಿ ಬರುವುದು ಹೇಗೆಂದು ಮೇಲೆಯೇ ಹೇಳಿದೆ. ನೈಸರ್ಗಿಕ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ತುರಚಿ ಸೊಪ್ಪೂ ನೈಸರ್ಗಿಕವೇ.

ಅಂಗಡಿಯಲ್ಲಿ ಸಿಗುವ ಎರಡು ಮದ್ದುಗಳು ಮನೆಮದ್ದಿನಷ್ಟೇ ಸಲೀಸಾಗಿ ಬಳಕೆಯಾಗುವುದರಿಂದ ಅವುಗಳ ಮಾತೂ ಇರಲಿ. ಗಂಧೆಗೆ ಹಿಸ್ಟಮಿನ್ ತಡೆಯುವ ಸೆಟ್ರಿಜಿನ್ ಮಾತ್ರೆ ದೊಡ್ಡವರಿಗೆ ದಿನಕ್ಕೆ 10 ಮಿಲಿಗ್ರಾಂ. ಕೆಲವರಿಗೆ ಮಂಪರು ಬರುವುದರಿಂದ ಮೊದಲ ಸಲ ರಾತ್ರಿ ತೆಗೆದುಕೊಳ್ಳುವುದು ವಾಸಿ. ಅದೇ ಗುಂಪಿನ, ಹಳೆಯ ಕಾಲದ ಕ್ಲೋರ್‌ಫೆನಿರಮಿನ್ ನುಂಗಿ ಗಾಡಿ ಓಡಿಸಬಾರದು. ಮೂತ್ರಪಿಂಡದ ತೊಂದರೆಯವರು, ಗರ್ಭಿಣಿಯರು ಕೇಳದೆ ನುಂಗಬಾರದು. ದೊಡ್ಡವರ ಮಾತ್ರೆಯನ್ನು ಮುರಿದು ಅಂದಾಜಿನಲ್ಲಿ ಮಗುವಿಗೆ ಕೊಡಬಾರದು. ಇಸುಬಿನ ತುರಿಕೆಯಲ್ಲಿ ಹಿಸ್ಟಮಿನ್ ಪಾತ್ರ ಕಡಿಮೆ, ಅಲ್ಲಿ ಈ ಮಾತ್ರೆಯಿಂದ ಬಂದರೆ ನಿದ್ದೆ ಬಂದೀತು.

ಎರಡನೆಯದು ಸ್ಟೀರಾಯ್ಡ್ ಮುಲಾಮು. ಶೇ 1ರ ಹೈಡ್ರೊಕಾರ್ಟಿಸೋನ್ ಸೌಮ್ಯವಾದದ್ದು. ಮುಟ್ಟಿದ್ದರಿಂದ ಬಂದ ಸಣ್ಣ ದದ್ದಿಗೆ ದಿನಕ್ಕೆ ಒಂದೋ ಎರಡೋ ಸಲ, ಏಳು ದಿನ ಮೀರದಂತೆ ಹಚ್ಚಬಹುದು. ಅಳತೆಗೆ ನಿಮ್ಮ ಬೆರಳೇ ಸಾಕು: ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಬೆರಳೂ ಸೇರಿದಂತೆ ಎರಡು ಅಂಗೈ ಅಗಲಕ್ಕೆ ಬರುತ್ತದೆ. ಮುಖ, ಕಣ್ಣರೆಪ್ಪೆ, ಒಡೆದ ಚರ್ಮ, ಚಿಕ್ಕ ಮಕ್ಕಳಿಗೆ ವೈದ್ಯರ ಮಾತಿಲ್ಲದೆ ಬೇಡ. ಪ್ರಬಲ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮೂರನ್ನೂ ಕಲಸಿದ ‘ಎಲ್ಲದಕ್ಕೂ ಒಂದೇ’ ಮುಲಾಮುಗಳು ಮಾಡಿರುವ ಹಾನಿ ಮಾತ್ರ ಸಣ್ಣದಲ್ಲ. ಗಜಕರ್ಣಕ್ಕೆ ಹಚ್ಚಿದಾಗ ಎರಡು ದಿನದಲ್ಲಿ ತುರಿಕೆ, ಕೆಂಪು ಎರಡೂ ಮಾಯ. ಶಿಲೀಂಧ್ರ ಒಳಗೊಳಗೇ ಹರಡುತ್ತಿರುತ್ತದೆ, ಉಂಗುರದ ಆಕಾರ ಅಳಿಸಿ ಗುರುತೇ ಸಿಗದಂತಾಗುತ್ತದೆ. ನಿಲ್ಲಿಸಿದರೆ ಮರಳುತ್ತದೆ, ಮುಂದುವರಿಸಿದರೆ ತೊಡೆಸಂದಿನ ಚರ್ಮ ತೆಳುವಾಗಿ ಬಿರುಕುಗೆರೆ ಬೀಳುತ್ತದೆ. ಆ ಗೆರೆ ಮತ್ತೆ ಮಾಸುವುದಿಲ್ಲ.

ಪಥ್ಯದ ಬಗ್ಗೆ ಒಂದು ಮಾತು. ‘ನಂಜು’ ಎಂದು ಒಂದೊಂದಾಗಿ ಹಾಲು, ಮೊಟ್ಟೆ, ಬೇಳೆ ಬಿಡಿಸುತ್ತ ಹೋದರೆ ಮಗು ಸೊರಗುತ್ತದೆ. ಅದಕ್ಕಿಂತ ಅಪಾಯವೆಂದರೆ, ತಿಂಗಳುಗಟ್ಟಲೆ ಬಿಟ್ಟ ಆಹಾರವನ್ನು ಮತ್ತೆ ಕೊಟ್ಟಾಗ ಮೊದಲಿಲ್ಲದ ತೀವ್ರ ಅಲರ್ಜಿ ಕಾಣಿಸಿಕೊಳ್ಳಬಹುದು. ಆಹಾರದಿಂದ ಬರುವ ಗಂಧೆ ಸಾಮಾನ್ಯವಾಗಿ ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಏಳುತ್ತದೆ. ಹೋದ ವಾರ ತಿಂದದ್ದನ್ನು ದೂರಬೇಕಿಲ್ಲ. ಮುಟ್ಟಿದ್ದರಿಂದ ಬರುವ ಅಲರ್ಜಿಯನ್ನು ಪತ್ತೆ ಮಾಡುವುದು ಬೆನ್ನಿಗೆ ಪಟ್ಟಿ ಅಂಟಿಸುವ ಪ್ಯಾಚ್ ಪರೀಕ್ಷೆ, ಯೋಸೆಫ್ ಯಾಡಸ್ಸೋನ್ 1895ರಲ್ಲಿ ತೋರಿಸಿದ್ದು. ಪಟ್ಟಿ 48 ಗಂಟೆ ಇರಬೇಕು, ಆಮೇಲೆ ಎರಡು ದಿನ ಬಿಟ್ಟು ಮತ್ತೊಮ್ಮೆ ನೋಡಬೇಕು. ರಕ್ತಪರೀಕ್ಷೆಯಲ್ಲಿ ಅದು ಸಿಗುವುದಿಲ್ಲ.

ಮನೆಮದ್ದಿನ ಮಾತೇ ಎತ್ತಬಾರದ ಹೊತ್ತುಗಳಿವೆ. ದದ್ದಿನ ಜೊತೆ ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ದನಿ ಒಡೆದರೆ, ವಾಂತಿಯಾಗಿ ತಲೆಸುತ್ತು ಬಂದರೆ ಅದು ಅನಾಫಿಲಾಕ್ಸಿಸ್, ಜೀವಕ್ಕೇ ಕುತ್ತು ತರುವ ಅಲರ್ಜಿ. ಅದಕ್ಕೆ ಇರುವ ಮದ್ದು ಅಡ್ರಿನಾಲಿನ್ ಚುಚ್ಚುಮದ್ದು, ತೊಡೆಯ ಹೊರಬದಿಯ ಸ್ನಾಯುವಿಗೆ. ಸೆಟ್ರಿಜಿನ್ ನುಂಗಿಸಿ ಕಾಯುವುದಲ್ಲ. ವ್ಯಕ್ತಿಯನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರಾಡಲು ಕಷ್ಟವಿದ್ದರೆ ಒರಗಿ ಕೂರಿಸಿ, ಎಬ್ಬಿಸಿ ನಡೆಸಬೇಡಿ. ಇಳಿದ ಮೇಲೂ ಕೆಲವು ಗಂಟೆಗಳಲ್ಲಿ ಮರುಕಳಿಸಬಹುದಾದ್ದರಿಂದ ಆಸ್ಪತ್ರೆಯಲ್ಲಿ ಇರಲೇಬೇಕು. ಹೊಸ ಮಾತ್ರೆ ಶುರು ಮಾಡಿದ ಕೆಲವು ದಿನ, ವಾರಗಳಲ್ಲಿ ಜ್ವರ, ಬಾಯಿಹುಣ್ಣು, ಕಣ್ಣು ಕೆಂಪು, ಚರ್ಮ ಸುಲಿಯುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜ್ವರವಿರುವವರ ದದ್ದಿನ ಮೇಲೆ ಗಾಜಿನ ಲೋಟ ಒತ್ತಿದಾಗ ಬಣ್ಣ ಮಾಸದಿದ್ದರೆ ಕಾಯಬಾರದು. ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಉರಿ ನೋವಿನ ಗುಳ್ಳೆ ಎದ್ದರೆ ಸರ್ಪಸುತ್ತು. ಅದರ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಜೇನುಬಣ್ಣದ ಹಕ್ಕಳೆ ಕಟ್ಟಿದರೆ ಸೋಂಕು ಸೇರಿದೆ.

ದದ್ದೇ ಇಲ್ಲದ ತುರಿಕೆಯನ್ನು ಜನ ಹಗುರವಾಗಿ ಕಾಣುತ್ತಾರೆ. ಆರು ವಾರ ದಾಟಿದರೆ ಯಕೃತ್ತು, ಮೂತ್ರಪಿಂಡ, ಥೈರಾಯ್ಡ್, ಕಬ್ಬಿಣದಂಶ ನೋಡಿಸಬೇಕು. ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಅಂಗೈ, ಅಂಗಾಲು ರಾತ್ರಿ ವಿಪರೀತ ತುರಿಸಿ, ದದ್ದು ಕಾಣದಿದ್ದರೆ ಅದು ಪಿತ್ತರಸ ಕಟ್ಟಿಕೊಂಡದ್ದಿರಬಹುದು, ಗರ್ಭದ ಮಗುವಿಗೆ ಅಪಾಯ. ಇಲ್ಲಿ ಮಾತ್ರ ‘ಪಿತ್ತ’ ನಿಜವಾಗಿ ಪಿತ್ತವೇ. ರಕ್ತದ ಪಿತ್ತಾಮ್ಲ ಪರೀಕ್ಷೆ ತಡಮಾಡದೆ ಆಗಬೇಕು.

ಸಂಪಾದಕರಲ್ಲಿ ಕೋರಿಕೆ ಇಷ್ಟೆ. ಮನೆಮದ್ದು ಅಚ್ಚು ಹಾಕುವಾಗ ಹತ್ತು ಹೆಸರಿನ ಬದಲು ಒಂದೇ ಹಾಕಿ, ಪೂರ್ತಿ ಹಾಕಿ. ಮಾದರಿಗೆ ಓಟ್ಸ್ ಸ್ನಾನವನ್ನೇ ಹೀಗೆ ಬರೆಯಬಹುದು:

‘ಒಣ ಇಸುಬು, ಬಿಸಿಲಿಗೆ ಬೆಂದ ಚರ್ಮ, ಸೀತಾಳೆ ಸಿಡುಬಿನ ತುರಿಕೆಗೆ. ಸಕ್ಕರೆ, ಸುವಾಸನೆ ಬೆರೆಸದ ಬರೀ ಓಟ್ಸ್ ಒಂದು ಕಪ್, ಸುಮಾರು 80 ಗ್ರಾಂ. ಒಣಗಿದ ಮಿಕ್ಸಿ ಜಾರಿನಲ್ಲಿ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ. ಒಂದು ಚಮಚ ಪುಡಿಯನ್ನು ಲೋಟ ನೀರಿಗೆ ಹಾಕಿ ಕಲಕಿದರೆ ನೀರು ಹಾಲಿನಂತೆ ಬೆಳ್ಳಗಾಗಬೇಕು. ತಳ ಸೇರಿದರೆ ಇನ್ನೊಮ್ಮೆ ಪುಡಿ ಮಾಡಿ, ತರಿಯಾದ ಪುಡಿ ಕೆಲಸಕ್ಕೆ ಬಾರದು. ಟಬ್ ಇದ್ದರೆ ನಲ್ಲಿ ಹರಿಯುತ್ತಿರುವಾಗಲೇ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಉದುರಿಸಿ, 10ರಿಂದ 15 ನಿಮಿಷ ಮುಳುಗಿ ಕೂರಿ. ಟಬ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮೂರು ದೊಡ್ಡ ಚಮಚ ಪುಡಿ ಕಲಕಿ, ಹತ್ತಿ ಬಟ್ಟೆ ನೆನೆಸಿ 15 ನಿಮಿಷ ಮೈಮೇಲಿಡಿ. ಉಜ್ಜಬೇಡಿ. ಒಂದು ಚೊಂಬು ತಿಳಿನೀರು ಸುರಿದು, ಒತ್ತಿ ಒರೆಸಿ, ಮೂರು ನಿಮಿಷದೊಳಗೆ ಜಿಡ್ಡು ಹಚ್ಚಿ. ದಿನಕ್ಕೆ ಒಮ್ಮೆ. ಕಲಕಿದ ನೀರನ್ನು ಮರುದಿನಕ್ಕೆ ಇಡಬೇಡಿ. ನೆಲ, ಟಬ್ ಎರಡೂ ಜಾರುತ್ತವೆ, ವಯಸ್ಸಾದವರ ಜೊತೆ ಒಬ್ಬರು ಇರಲಿ. ಓಟ್ಸ್‌ಗೆ ಅಲರ್ಜಿ ಇರುವವರಿಗೆ, ಕೀವು ತುಂಬಿದ ಗಾಯಕ್ಕೆ ಬೇಡ. ಮೂರು ದಿನದಲ್ಲಿ ತುರಿಕೆ ತಗ್ಗದಿದ್ದರೆ ವೈದ್ಯರಿಗೆ ತೋರಿಸಿ.’

ಇಂತಿ,
ನಿಮ್ಮ ಓದುಗರು